ಉಪಚಾರಪ್ಪ ಮತ್ತು ನೇರಳೆ ಸಾಲು

ಐದನೇ ಸಾಲಿನ ಗಿಡಗಳು ನೇರಳೆಯಾಗಿದ್ದವು. ಬೆಳಿಗ್ಗೆ ಗಾಜಿನ ಮನೆಯ ಬಾಗಿಲು ತೆಗೆದ ಉಪಚಾರಪ್ಪನಿಗೆ ಅದನ್ನು ಕಂಡು ಖುಷಿಯಾಗಲಿಲ್ಲ, ಗಾಬರಿಯಾಯಿತು.

ಹತ್ತೊಂಬತ್ತು ವರ್ಷದಿಂದ ಆ ಸಂಶೋಧನಾಲಯದ ಗಿಡಗಳಿಗೆ ಗೊಬ್ಬರದ ನೀರು ಉಣಿಸುವುದೇ ಅವನ ಕೆಲಸ. ಹುದ್ದೆ ಮಾತ್ರ ಇನ್ನೂ ತಾತ್ಕಾಲಿಕ. ಒಂದು ಎಲೆ ಬಾಡಿದರೂ ತನಗೇ ಜ್ವರ ಬಂದವನ ಹಾಗೆ ಒದ್ದಾಡುತ್ತಿದ್ದುದರಿಂದ ಸ್ಟೋರ್ ಕೀಪರ್ ಅವನಿಗೆ ಇಟ್ಟ ಹೆಸರು ಉಪಚಾರಪ್ಪ. "ಮನೇಲಿ ಮಕ್ಕಳು ಉಂಡ್ವಾ ಬಿಟ್ವಾ ಕೇಳಲ್ಲ, ಗಿಡಕ್ಕೆ ಮಾತ್ರ ಹೊತ್ತುಹೊತ್ತಿಗೆ" ಎಂದು ಹೆಂಡತಿ ಗೊಣಗುತ್ತಿದ್ದುದೂ ಸುಳ್ಳಲ್ಲ.

ಆ ಟೊಮೆಟೊ ಗಿಡಗಳ ಎಲೆಯಲ್ಲಿ ನೇರಳೆ ಬಣ್ಣ ಬರಿಸಲು ವಿಜ್ಞಾನಿ ಮೇಡಂ ಮೂರು ವರ್ಷದಿಂದ ಹೆಣಗುತ್ತಿದ್ದರು. ಆ ಬಣ್ಣ ಔಷಧಿಗೆ ಬರುತ್ತದಂತೆ. ಬಣ್ಣ ತಯಾರಿಸುವ ಜೀನುಗಳು ಎಲೆಯಲ್ಲಿ ಮೊದಲೇ ಇರುತ್ತವೆ, ಆದರೆ ಮೇಸ್ತ್ರಿ ಇಲ್ಲದ ಕೂಲಿಯವರ ಹಾಗೆ ಸುಮ್ಮನೆ ಕೂತಿರುತ್ತವೆ. ಅವನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚಲೆಂದು ಮೇಡಂ ಬೇರೊಂದು ಗಿಡದಿಂದ ಮೇಸ್ತ್ರಿ ಜೀನನ್ನು ತಂದು ಸೇರಿಸಿದ್ದರು. ಮೇಸ್ತ್ರಿ ಬಂದವನು ಕೂಲಿಯವರ ಪಕ್ಕದಲ್ಲೇ ಮಲಗಿಬಿಟ್ಟ. ಅಲ್ಲಿಯವರೆಗೂ ಎಂಟು ಸಾಲೂ ಬರೀ ಹಸಿರು. ಇವತ್ತು ಮಧ್ಯಾಹ್ನ ಪರಿಶೀಲನಾ ಸಮಿತಿ ಬಂದು ಯೋಜನೆಗೆ ಮಂಗಳ ಹಾಡುವುದೆಂದು ಎಲ್ಲರಿಗೂ ಗೊತ್ತಿತ್ತು. ಯೋಜನೆ ಹೋದರೆ ಉಪಚಾರಪ್ಪನ ಕೆಲಸವೂ ಹೋದಂತೆ.

ಅವನು ಬಗ್ಗಿ ನೋಡಿದ. ಐದನೇ ಸಾಲಿನ ಗೊಬ್ಬರದ ನಲ್ಲಿ ಮುಚ್ಚಿತ್ತು. ಹನ್ನೆರಡು ದಿನದ ಹಿಂದೆ ಕೊಳವೆ ಸೋರುತ್ತದೆಂದು ತಾನೇ ಮುಚ್ಚಿ, ತೆರೆಯಲು ಮರೆತಿದ್ದ. ಬರೀ ನೀರಿನ ಕೊಳವೆ ಬೇರೆಯಾದ್ದರಿಂದ ಗಿಡಗಳು ಸತ್ತಿರಲಿಲ್ಲ, ಉಪವಾಸ ಬಿದ್ದಿದ್ದವು. ಹಸಿದ ಎಲೆ ಬಣ್ಣಗೆಡುವುದು ಅವನಿಗೇನು ಹೊಸದೇ?

ಬಕೆಟ್ಟಿನಲ್ಲಿ ಗೊಬ್ಬರದ ನೀರು ತಂದು ಇನ್ನೇನು ಹೊಯ್ಯಬೇಕು, ಮೇಡಂ ಒಳಗೆ ಬಂದರು.

"ಮುಟ್ಟಬೇಡಿ" ಎಂದವರ ಕಣ್ಣು ತುಂಬಿಬಂತು. "ಮೇಸ್ತ್ರಿ ಎದ್ದ ಕಣ್ರೀ."

"ಮೇಡಂ, ಅದು ಏನಾಯ್ತು ಅಂದ್ರೆ, ನಲ್ಲಿ..."

"ನಲ್ಲಿ ಗಿಲ್ಲಿ ಆಮೇಲೆ. ಮೊದಲು ನಿರ್ದೇಶಕರನ್ನ ಕರೀರಿ."

ನಿರ್ದೇಶಕರು ಬಂದು ನೋಡಿ ನಕ್ಕರು. ಅಪರೂಪದ ನಗು, ತುಕ್ಕು ಹಿಡಿದ ಗೇಟು ತೆರೆದಂತೆ ಕಿರ್ರೆಂದಿತು.

"ಸಾರ್, ನಲ್ಲಿ..."

"ಆ ಬಕೆಟ್ ಆಚೆ ಇಡಪ್ಪ, ಫೋಟೋದಲ್ಲಿ ಬರುತ್ತೆ."

ಕೊನೆಗೆ ಸ್ಟೋರ್ ಕೀಪರ್ ಹತ್ತಿರ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದ. ಅವರು ಬಾಗಿಲು ಮುಚ್ಚಿ ಬಂದು ಪಿಸುಗುಟ್ಟಿದರು: "ನಿಜ ಹೇಳಿದವರಿಗೆ ಯಾರಾದ್ರೂ ಕೆಲಸ ಖಾಯಂ ಮಾಡಿದ್ದು ನೋಡಿದ್ದೀಯಾ? ಬಾಯಿಗೆ ಬೀಗ ಹಾಕ್ಕೊಂಡು ನಿಂತ್ಕೋ." ಅಷ್ಟಕ್ಕೇ ಬಿಡದೆ ತಮ್ಮ ಕೋಟನ್ನೂ ತೊಡಿಸಿದರು. ಗುಂಡಿ ಹಾಕಿದರೆ ಉಸಿರು ನಿಲ್ಲುತ್ತಿತ್ತು, ಬಿಚ್ಚಿದರೆ ಅಂಗಿಯ ತೂತು ಕಾಣುತ್ತಿತ್ತು.

ಮಧ್ಯಾಹ್ನ ಬಂದ ಸಮಿತಿಯ ಅಧ್ಯಕ್ಷೆ ವಯಸ್ಸಾದ ಹೆಂಗಸು. ಎಲ್ಲರ ಭಾಷಣ ಕೇಳಿ ಮುಗಿಸಿ ನೇರ ಉಪಚಾರಪ್ಪನ ಕಡೆ ತಿರುಗಿದರು.

"ಈ ಸಾಲಿಗೆ ನೀವು ವಿಶೇಷವಾಗಿ ಏನು ಮಾಡಿದ್ರಿ?"

ಸ್ಟೋರ್ ಕೀಪರ್ ಕೆಮ್ಮಿದರು. ಉಪಚಾರಪ್ಪ ಗಿಡಗಳನ್ನು ನೋಡಿದ. ಕೆಳಗಿನ ಎಲೆಗಳು ಸುರುಟಿಕೊಂಡಿದ್ದವು. ಇನ್ನು ತಡೆಯಲಾಗಲಿಲ್ಲ.

"ಊಟ ಹಾಕ್ಲಿಲ್ಲ ಅಮ್ಮ. ಹನ್ನೆರಡು ದಿನ. ಮರೆತುಬಿಟ್ಟೆ."

ನಿರ್ದೇಶಕರ ಮುಖ ಇದ್ದಿಲಾಯಿತು. ಮೇಡಂ ಅಲ್ಲೇ ಬೋರಲು ಹಾಕಿದ್ದ ಕುಂಡದ ಮೇಲೆ ಕುಸಿದು ಕೂತರು. ಅಧ್ಯಕ್ಷೆ ಮಾತ್ರ ಕನ್ನಡಕ ಏರಿಸಿಕೊಂಡು ಸಾಲಿನ ಕೊನೆಯವರೆಗೆ ನಡೆದುಹೋದರು.

"ಈ ನಾಲ್ಕು ಗಿಡ ಯಾಕೆ ಹಳದಿ?"

"ಅವು ಹೋಲಿಸಿ ನೋಡೋಕೆ ಇಟ್ಟ ಮಾಮೂಲಿ ಗಿಡ," ಮೇಡಂ ಸತ್ತ ದನಿಯಲ್ಲಿ ಹೇಳಿದರು. "ಅವಕ್ಕೆ ಆ ಜೀನು ಸೇರಿಸಿಲ್ಲ."

"ಅವೂ ಉಪವಾಸವೇ ತಾನೆ? ಮತ್ತೆ ಅವು ಯಾಕೆ ನೇರಳೆ ಆಗ್ಲಿಲ್ಲ?"

ಮೇಡಂ ನಿಧಾನವಾಗಿ ಎದ್ದು ನಿಂತರು. "ಅಂದ್ರೆ ಈ ಮೇಸ್ತ್ರಿ ಹಸಿದ್ರೇನೇ ಏಳೋದು. ಮೂರು ವರ್ಷ ನಾವೇ ಉಣ್ಣಿಸಿ ಉಣ್ಣಿಸಿ ಮಲಗಿಸಿದ್ವಿ."

ಯೋಜನೆಯನ್ನು ಇನ್ನೂ ಐದು ವರ್ಷ ಮುಂದುವರಿಸಲು ಸಮಿತಿ ಅಲ್ಲೇ ಒಪ್ಪಿತು. ಎಲ್ಲರೂ ಉಪಚಾರಪ್ಪನ ಬೆನ್ನು ತಟ್ಟಿದರು, ಕೋಟಿನ ಹೊಲಿಗೆ ಬಿಟ್ಟಿತು. ಅವನು ಹೆಂಡತಿಗೆ ಫೋನು ಮಾಡಿ "ಸಂಜೆ ಬಂದು ಹೇಳ್ತೀನಿ, ಒಳ್ಳೇ ಸುದ್ದಿ" ಎಂದ.

ಐದು ಗಂಟೆಗೆ ನಿರ್ದೇಶಕರು ಕರೆದು, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕೂರಲು ಹೇಳಿದರು.

"ನಿನ್ನಿಂದ ದೊಡ್ಡ ಉಪಕಾರ ಆಯ್ತಪ್ಪ. ಇನ್ಮೇಲೆ ಈ ಗಿಡಗಳಿಗೆ ಗೊಬ್ಬರ ಕೊಡೋ ಹಾಗಿಲ್ಲ. ಅದಕ್ಕೆ ಸಮಿತಿಯವರು ಆ ಹುದ್ದೇನ ತೆಗೆದುಹಾಕಿದ್ದಾರೆ."

ಉಪಚಾರಪ್ಪ ಕುರ್ಚಿಯಿಂದ ಎದ್ದ. "ಸಾರ್, ಕೊಡದೇ ಇರೋ ಕೆಲಸಾನೂ ನಾನೇ ಮಾಡ್ತೀನಿ."

"ಕೊಡದೇ ಇರೋಕೆ ಆಳು ಯಾಕಪ್ಪ?"

ಹೊರಗೆ ಸ್ಟೋರ್ ಕೀಪರ್ ಕೋಟಿಗಾಗಿ ಕಾಯುತ್ತಿದ್ದರು. ಗಾಜಿನ ಮನೆಯಿಂದ ಮೇಡಂ ಸಂತೋಷದಲ್ಲಿ ಕೂಗಿ ಹೇಳಿದರು: "ಹೊರಡೋ ಮುಂಚೆ ಉಳಿದ ಏಳು ಸಾಲಿನ ನಲ್ಲೀನೂ ಮುಚ್ಚಿಬಿಡಿ. ಯಾವುದು ಎಲ್ಲಿದೆ ಅಂತ ನಿಮಗಷ್ಟೇ ಗೊತ್ತಿರೋದು."

ಅವನು ಒಂದೊಂದಾಗಿ ಮುಚ್ಚುತ್ತ ಹೋದ. ಎಂಟನೇ ಸಾಲಿನದು ಬಿಗಿಯಾಗಿತ್ತು. ಎರಡೂ ಕೈ ಹಾಕಿ ತಿರುಗಿಸಬೇಕಾಯಿತು.