ಅತ್ತೆಯವರಿಗೆ ಒಂದನೇ ನಂಬರ್

ಹತ್ತನೇ ತರಗತಿಗೆ ವಿದ್ಯುತ್ ಮಂಡಲ ಕಲಿಸುವವನಿಗೆ ಒಂದು ರೂಟರ್ ಯಾವ ಲೆಕ್ಕ? ಜನವಾಡದ ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ಹದಿನೆಂಟು ವರ್ಷಗಳಿಂದ ವಿಜ್ಞಾನದ ಮಾಸ್ತರ. ಬೀದರಿನ ನಮ್ಮ ಓಣಿಯಲ್ಲಿ ಮಿಕ್ಸರ್ ನಿಂತರೂ ಜನ ನನ್ನನ್ನೇ ಕರೆಯುತ್ತಾರೆ. ನಾನು ಬಿಚ್ಚಿದ ಮಿಕ್ಸರುಗಳು ಮತ್ತೆ ತಿರುಗಿದವೋ ಇಲ್ಲವೋ ಎಂಬುದು ಬೇರೆ ವಿಷಯ.

ಹೆಂಡತಿ ಕರುಣಾಳ ಪಿಎಚ್.ಡಿ. ಮೌಖಿಕ ಪರೀಕ್ಷೆ ಬುಧವಾರ ಹನ್ನೊಂದಕ್ಕೆ ಆನ್‌ಲೈನಿನಲ್ಲಿ ನಡೆಯಬೇಕಿತ್ತು. ವಿಷಯ, ಔರಾದ ತಾಲ್ಲೂಕಿನ ಬೀಸುವ ಹಾಡುಗಳು. ಕಾಲೇಜಿನ ಪಾಠ, ಮನೆಯ ಅಡುಗೆ, ನನ್ನ ಪ್ರಯೋಗಗಳು, ಇವೆಲ್ಲವನ್ನೂ ಸಹಿಸಿಕೊಂಡು ಅವಳು ಏಳು ವರ್ಷ ಬರೆದ ಪ್ರಬಂಧ ಅದು. ಅದರಲ್ಲಿನ ಅರ್ಧ ಹಾಡುಗಳನ್ನು ಹೇಳಿಕೊಟ್ಟವರು ಅದೇ ತಾಲ್ಲೂಕಿನ ಚಿಂತಾಕಿಯಲ್ಲಿ ಹುಟ್ಟಿ ಭಾಲ್ಕಿಗೆ ಸೊಸೆಯಾಗಿ ಬಂದ ನನ್ನ ಅತ್ತೆ ಶಾಂತಾಬಾಯಿ. ಮಗಳ ಪರೀಕ್ಷೆ ಕೇಳಬೇಕೆಂದು ಅವರು ಭಾನುವಾರವೇ ಭಾಲ್ಕಿ ಬಸ್ಸಿಳಿದು ಬಂದಿದ್ದರು.

ಇಂಥ ಮಹಾಕಾರ್ಯಕ್ಕೆ ನನ್ನದೂ ಒಂದು ಕಾಣಿಕೆ ಇರಬೇಡವೇ? ಆ ಭಾನುವಾರ ಮಧ್ಯಾಹ್ನವೇ ರೂಟರಿನ ಸೆಟ್ಟಿಂಗ್ಸ್ ಪುಟ ತೆರೆದೆ. ಹೊಸ ಫರ್ಮ್‌ವೇರ್ ಬಂದಿದೆ ಎಂದು ತೋರಿಸಿತು. ಫರ್ಮ್‌ವೇರ್ ಎಂದರೆ ರೂಟರಿನ ತಲೆಯೊಳಗಿನ ಬುದ್ಧಿ. ಬುದ್ಧಿ ಹೊಸದಾದರೆ ಒಳ್ಳೆಯದೇ ಅಲ್ಲವೇ? ಒತ್ತಿಬಿಟ್ಟೆ!

"ನೆಟ್ ಛಲೋನೇ ಇತ್ತಲ್ರಿ, ಯಾಕ ಮುಟ್ಟಿದ್ರಿ?" ಎಂದಳು ಕರುಣಾ.

"ಇದು ಮುಂಜಾಗ್ರತಾ ಕ್ರಮ" ಎಂದೆ ಗಂಭೀರವಾಗಿ.

ಹೊಸ ಬುದ್ಧಿ ಬಂತು, ಹಳೆಯ ನೆನಪೆಲ್ಲ ಹೋಯಿತು. ಮನೆಯ ಪ್ರತಿಯೊಂದು ಫೋನಿಗೂ ಲ್ಯಾಪ್‌ಟಾಪಿಗೂ ರೂಟರ್ ಒಂದೊಂದು ಐಪಿ ನಂಬರ್ ಕೊಡುತ್ತದೆ, ಪಂಕ್ತಿಯಲ್ಲಿ ಜಾಗ ತೋರಿಸಿದ ಹಾಗೆ. ಈಗ ಅದು ಪ್ರಿಂಟರ್ ಮೊದಲೇ ಕೂತಿದ್ದ ಜಾಗದಲ್ಲಿ ಕರುಣಾಳ ಲ್ಯಾಪ್‌ಟಾಪನ್ನೂ ತಂದು ಕೂರಿಸಿತು. ಇಬ್ಬರೂ ಜಗಳಕ್ಕೆ ಬಿದ್ದು ನೆಟ್ ನಿಂತಿತು.

ರೂಟರಿಗೆ ತಿಳಿಯದಿದ್ದರೇನು, ಮಾಸ್ತರನಿಗೆ ತಿಳಿಯುತ್ತದೆ. ಹಾಜರಿ ಪಟ್ಟಿಯಂತೆ ಒಂದು ಕಾಗದದಲ್ಲಿ ಗೆರೆ ಹಾಕಿ, ನಂಬರುಗಳನ್ನು ನಾನೇ ಹಂಚಲು ಕೂತೆ. ಒಂದನೇ ನಂಬರ್ ಯಾರಿಗೆ? ಮನೆಯಲ್ಲಿ ಹಿರಿಯರಿರುವಾಗ ಅದನ್ನು ಲ್ಯಾಪ್‌ಟಾಪಿಗೆ ಕೊಡಲು ಮನಸ್ಸು ಬರಲಿಲ್ಲ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರು ಒಂದು ಸಾಲು ಕೆಳಗಿಳಿದರೆ ಮೂರು ವರ್ಷ ಮಾತು ಬಿಡುತ್ತಾರೆ. ಆದ್ದರಿಂದ ಒಂದನೇ ನಂಬರ್ ಅತ್ತೆಯವರ ಫೋನಿಗೆ, ಎರಡನೆಯದು ಪರೀಕ್ಷಾರ್ಥಿಗೆ. ಹೀಗೆ ಮರ್ಯಾದೆಯ ಕ್ರಮದಲ್ಲಿ ಇಳಿಯುತ್ತಾ ಹೋಗಿ, ಪ್ರಿಂಟರಿನ ನಂತರ ಕೊನೆಯದು ನನಗೆ. ಒಂದೊಂದರ ಸೆಟ್ಟಿಂಗ್ಸಿನಲ್ಲೂ ನಂಬರನ್ನು ನಾನೇ ಕೈಯಾರೆ ಬರೆದೆ.

ನೆಟ್ ಬರಲಿಲ್ಲ. ಸಂಜೆ ಅತ್ತೆಯವರು ಕೈಚೀಲ ಹಿಡಿದು ವಿಹಾರಕ್ಕೆ ಹೋದರು, ಬಂತು! ಅವರು ವಾಪಸ್ಸು ಬಂದು ಚಪ್ಪಲಿ ಬಿಟ್ಟರು, ಹೋಯಿತು. ಸೋಮವಾರ ಅವರು ಕಾಯಿಪಲ್ಯೆ ತರಲು ಹೋದಾಗ ಕರುಣಾ ಗೆಳತಿಯೊಂದಿಗೆ ವಿಡಿಯೋ ಕರೆ ಮಾಡಿ ನೋಡಿದಳು. ಕನ್ನಡಿಯಂತೆ ಸ್ವಚ್ಛ. ಮೆಂತ್ಯೆ ಸೊಪ್ಪಿನ ಚೀಲ ಒಳಗೆ ಬಂದದ್ದೇ ತಡ, ಗೆಳತಿ ಬಾಯಿ ತೆರೆದಲ್ಲೇ ನಿಂತಳು. ಮಂಗಳವಾರದ ಹೊತ್ತಿಗೆ ನಾನು ಇದನ್ನು ಆರು ಸಲ ಪರೀಕ್ಷಿಸಿದ್ದೆ. ವಿಜ್ಞಾನದಲ್ಲಿ ಇದಕ್ಕೆ ಪುರಾವೆ ಎನ್ನುತ್ತಾರೆ. ಅದನ್ನು ಹೆಂಡತಿಯ ಮುಂದಿಡುವುದಕ್ಕೆ ಮಾತ್ರ ಬೇರೆಯದೇ ಧೈರ್ಯ ಬೇಕು.

"ಕರುಣಾ, ತಪ್ಪ ತಿಳ್ಕೋಬ್ಯಾಡ. ನಿಮ್ಮವ್ವ ಮನಿಯೊಳಗಿದ್ರ ನೆಟ್ ಹೋಗ್ತದ."

"ನಮ್ಮವ್ವ ಬಂದಾಗಿನಿಂದ ನಿಮಗ ಏನೇನ್ ಹೋಗ್ಯಾದ, ಎಲ್ಲಾ ಒಮ್ಮಿಗೇ ಹೇಳಿಬಿಡ್ರಿ."

ಬುಧವಾರ ಹತ್ತೂಮುಕ್ಕಾಲು. ಪರದೆಯ ಮೇಲೆ ಬರೀ ಒಂದು ಚಕ್ರ ತಿರುಗುತ್ತಿತ್ತು. ಕರುಣಾಳ ಕಣ್ಣಲ್ಲಿ ನೀರು. ಇಸ್ತ್ರಿ ಮಾಡಿದ ಸೀರೆ ಉಟ್ಟು ಅವಳ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆಯವರ ಬಳಿಗೆ ಹೋದೆ.

"ಅತ್ತೇರಿ, ಬಾಜೂ ಮನಿ ಯೂಸುಫ್ ಭಾಯಿ ನಿಮ್ಮನ್ನ ಚಹಾಕ್ಕ ಕರದಾರ್ರಿ."

"ಈಗ? ಪರೀಕ್ಷಾ ಶುರುವಾಗೂ ಹೊತ್ತಿಗಿ?" ಅವರು ನನ್ನ ಮುಖ ನೋಡಿದರು. ಸುಳ್ಳು ಹೇಳುವುದರಲ್ಲೂ ನಾನು ಮಿಕ್ಸರ್ ರಿಪೇರಿಯಷ್ಟೇ ನುರಿತವನು. "ಪರೀಕ್ಷಾ ನನ್ನ ಹಾಡಿಂದು. ಹೊರಗ ಕುಂದರಸೋದು ನನ್ನ. ಆಗಲಿ ಮಾಸ್ತರ್ರೇ."

ಕೈಚೀಲ ಎತ್ತಿಕೊಂಡು ನಡೆದೇಬಿಟ್ಟರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅದೇ ಕ್ಷಣ ನೆಟ್ ಬಂತು, ನಾಚಿಕೆಪಡಲೂ ಪುರುಸೊತ್ತಾಗಲಿಲ್ಲ.

ಪರೀಕ್ಷೆ ಅದ್ಭುತವಾಗಿ ನಡೆಯಿತು. ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದ ನನಗೆ ಕುಣಿಯುವಷ್ಟು ಸಂತೋಷ. ಕೊನೆಗೆ ಹಿರಿಯ ಪರೀಕ್ಷಕರು, "ನಿಮ್ಮ ತಾಯಿಯವರು ಅಲ್ಲೇ ಇದ್ದರೆ ಒಂದು ಹಾಡು ಕೇಳಬಹುದೇ?" ಎಂದರು.

ಓಡಿದೆ. ಅತ್ತೆಯವರು ಯೂಸುಫ್ ಭಾಯಿಯ ಮನೆಯ ಕಟ್ಟೆಯ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು, ಭಾಲ್ಕಿ ಬಸ್ಸಿನ ಹೊತ್ತು ವಿಚಾರಿಸುತ್ತಿದ್ದರು.

"ಅತ್ತೇರಿ, ದೊಡ್ಡವರು ನಿಮ್ಮ ಹಾಡ ಕೇಳಬೇಕಂತಾರ್ರಿ. ಸುಳ್ಳಲ್ಲರಿ."

ಅವರು ಒಂದು ಕ್ಷಣ ಬಿಗುಮಾನದಿಂದ ಕೂತರು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದರು. ನಮ್ಮ ಹೊಸ್ತಿಲು ದಾಟಿದರು. ಪರದೆಯ ಮೇಲೆ ಪರೀಕ್ಷಕರು ಕಣ್ಣು ಅರೆಮುಚ್ಚಿದ ಸ್ಥಿತಿಯಲ್ಲಿ ಶಿಲೆಯಾದರು!

ಕರುಣಾ ನನ್ನತ್ತ ತಿರುಗಿದಳು. ಹಿಂದೆಯೇ ಬಂದಿದ್ದ ಯೂಸುಫ್ ಭಾಯಿ ಮೊಬೈಲ್ ರಿಪೇರಿ ಅಂಗಡಿಯವರು. ಗೋಡೆಗೆ ಅಂಟಿಸಿದ್ದ ನನ್ನ ಪಟ್ಟಿಯ ಮುಂದೆ ನಿಂತರು.

"ಸರ್, ಅಮ್ಮಾಗ ಒಂದನೇ ನಂಬರ್ ಕೊಟ್ಟೀರೇನ್ರಿ?"

"ಹೌದು, ಹಿರಿಯರಲ್ಲರಿ" ಎಂದೆ, ಆ ಸ್ಥಿತಿಯಲ್ಲೂ ಸ್ವಲ್ಪ ಹೆಮ್ಮೆಯಿಂದ.

"ಯಾ ಅಲ್ಲಾ! ಒಂದನೇ ನಂಬರ್ ರೂಟರಿಂದು ಸರ್. ಮನ್ಯಾಗಿನ ಎಲ್ಲಾ ಫೋನ್ ನೆಟ್ ಕೇಳ್ಲಾಕ ರೂಟರ್ ಬಿಟ್ಟು ಅಮ್ಮಾನ ಚೀಲದ ಮುಂದ ನಿಂತಾವ."

ಯೂಸುಫ್ ಭಾಯಿ ಅತ್ತೆಯವರ ಚೀಲದಿಂದ ಫೋನ್ ತೆಗೆಸಿ ಸ್ವಿಚ್ ಆಫ್ ಮಾಡಿದರು. ಪರೀಕ್ಷಕರಿಗೆ ಜೀವ ಬಂತು. ಅತ್ತೆಯವರು ಕಣ್ಣು ಮುಚ್ಚಿ ಹಾಡಿದರು. ಮುಂದೆ ಬೀಸುವ ಕಲ್ಲಿರಲಿಲ್ಲ, ಆದರೂ ಬಲಗೈ ತಾನಾಗಿ ತಿರುಗುತ್ತಿತ್ತು. ಹಾಡು ಮುಗಿದಾಗ ಆ ಕಡೆಯವರು ಯಾರೂ ಮಾತಾಡಲಿಲ್ಲ. ಮತ್ತೆ ನೆಟ್ ಹೋಯಿತೆಂದು ನಾನು ರೂಟರಿನ ಕಡೆ ಹಾರಿದೆ. ಹೋಗಿರಲಿಲ್ಲ, ಅವರು ಸುಮ್ಮನೆ ಕೇಳುತ್ತಾ ಕೂತಿದ್ದರು. ಆಮೇಲೆ ಕರುಣಾಳನ್ನು "ಡಾಕ್ಟರೇ" ಎಂದು ಕರೆದರು.

ಪೇಡೆ ಹಂಚುವಾಗ ಅತ್ತೆಯವರು ಕೇಳಿದರು, "ಮಾಸ್ತರ್ರೇ, ಖರೇನೇ ನನಗ ಒಂದನೇ ನಂಬರ್ ಕೊಟ್ಟಿದ್ರಿ?"

"ಹೌದ್ರಿ."

"ಹಂಗಾರ ಅದು ನನಗೇ ಇರಲಿ. ಆ ಡಬ್ಬಿಗಿ ಬ್ಯಾರೆ ಕೊಡ್ರಿ."

ಉತ್ಸಾಹದಿಂದ ಎದ್ದೆ. "ನೀವು ಮುಟ್ಟಬ್ಯಾಡ್ರಿ" ಎಂದು ಮೂವರೂ ಒಂದೇ ಉಸಿರಿಗೆ ಹೇಳಿದರು. ಯೂಸುಫ್ ಭಾಯಿ ರೂಟರಿಗೆ ಬೇರೆ ನಂಬರ್ ಕೊಟ್ಟು, ಪಾಸ್‌ವರ್ಡುಗಳನ್ನೆಲ್ಲ ಬದಲಿಸಿ, ಒಂದು ಚೀಟಿಯಲ್ಲಿ ಬರೆದು ಅತ್ತೆಯವರ ಕೈಗಿತ್ತರು. ಅತ್ತೆಯವರು ಗುರುವಾರ ಭಾಲ್ಕಿಗೆ ಹೋದರು. ಚೀಟಿಯೂ ಹೋಯಿತು.

ಮೊನ್ನೆ ಹೊಸ ಫೋನ್ ತಂದೆ. ಅದಕ್ಕೆ ವೈಫೈ ಬೇಕಲ್ಲ? ವಿನಯದಿಂದ ಭಾಲ್ಕಿಗೆ ಕರೆ ಮಾಡಿ ಪಾಸ್‌ವರ್ಡ್ ಕೇಳಿದೆ.

"ಚೀಟಿ ಹುಡುಕ್ತೇನಿ ಮಾಸ್ತರ್ರೇ" ಎಂದರು ಅತ್ತೆಯವರು. "ಅಲ್ಲೀತನಾ ಯೂಸುಫ್ ಭಾಯಿ ಕಟ್ಟಿಮ್ಯಾಲ ಕುಂದರ್ರಿ."

ಕೂತಿದ್ದೇನೆ.