ಹೆಬ್ಬೆರಳಿನ ಸುಣ್ಣ

"ಏನ, ಕೇಳಿತೇನ? ಇಲ್ಲಿ ಬಾ. ಈ ಕಲ್ಲಿನ ಮ್ಯಾಲೆ ನೋಡು. ಸಣ್ಣ ತೆಂಗಿನ ಗಿಡದಂಗ ಜುಟ್ಟು ಬಿಟ್ಟುಕೊಂಡು ಕುಂತೈತೆಲ್ಲಾ, ಅದು ಹೂವಲ್ಲ, ಗಿಡಾನೂ ಅಲ್ಲ. ಪ್ರಾಣಿ! ಬಾಯಿ ಐತಿ, ಹೊಟ್ಟಿ ಐತಿ, ಹಾದು ಹೋಗೋ ಮೀನಿಗೆ ಚುಚ್ಚತೈತಿ. ಮೊದಲ ಒಂದ ಇತ್ತು. ಚಿಮಟಾ ತಗೊಂಡು ಕಿತ್ತೆ, ಹತ್ತಾದವು. ಹತ್ತೂ ಕಿತ್ತೆ, ಈಗ ಎಣಿಸಾಕ ಬರಂಗಿಲ್ಲ. ಹುಬ್ಬಳ್ಳಿ ಮೀನಿನ ಅಂಗಡಿಯಾಂವ ಹೇಳಿದಾ, 'ಯಜಮಾನರ, ಅದನ್ನ ಹಿಚಕಬ್ಯಾಡ್ರಿ, ಹರೀಬ್ಯಾಡ್ರಿ, ಒಂದು ಚೂರು ಉಳದ್ರೂ ಹೊಸಾದು ಹುಟ್ಟತೈತಿ' ಅಂತ. ರಕ್ತಬೀಜಾಸುರನ್ನ ಪುರಾಣದಾಗ ಕೇಳಿದ್ದೆ, ಈಗ ನಮ್ಮ ಪಡಸಾಲ್ಯಾಗ ಬಂದು ಕುಂತಾನ. ಇವತ್ತಿನಿಂದ ಈ ಪೆಟಗಿಯೊಳಗ ಯಾರೂ ಕೈ ಹಾಕೂದಿಲ್ಲ. ತಿಳೀತಿಲ್ಲ?"

ಹೀಗೆ ಭಾಷಣ ಮಾಡಿದವರು ನನ್ನ ಯಜಮಾನರು. ಬರೀ ಹೆಸರು ಹೇಳಲು ಈ ವಯಸ್ಸಿನಲ್ಲೂ ನಾಲಿಗೆ ಏಳುವುದಿಲ್ಲ. ಒಡಪು ಹಾಕಿ ಹೇಳುತ್ತೇನೆ, ಕೇಳಿ:

"ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಹೆಚ್ಚು ಬಣ್ಣ,
ಸಿಟ್ಟಿಗೆದ್ದರ ಹಂಗ ಕೆಂಪಗಾಗ್ತಾರ ನಮ್ಮ ಸೋಮಣ್ಣ."

ಮೆಣಸಿನಕಾಯಿ ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ಇವರಿಗೆ ಹೊತ್ತೇ ಹೋಗಲಿಲ್ಲ. ಕಾರವಾರಕ್ಕೆ ಯಾರದೋ ಮದುವೆಗೆ ಹೋದವರು ಸಮುದ್ರ ನೋಡಿದರು. ಸಮುದ್ರ ನೋಡಿದವರು ಕಾಲು ತೊಯಿಸಿಕೊಂಡು ಬರುತ್ತಾರೆ. ಇವರು ಸಮುದ್ರವನ್ನೇ ಮನೆಗೆ ತರಿಸಿದರು. ಗಾಜಿನ ಪೆಟ್ಟಿಗೆ, ಅದರಲ್ಲಿ ತೂತುತೂತಿನ ಕಲ್ಲು, ಡಬ್ಬಿಯ ಉಪ್ಪು ಕದಡಿದ ನೀರು, ಕಿತ್ತಳೆ ಮೈಗೆ ಬಿಳಿ ಪಟ್ಟಿ ಬಳಿದಂಥ ಎರಡು ಮೀನು. (ನಮ್ಮದು ಲಿಂಗ ಕಟ್ಟಿದ ಮನೆ. ಮೀನೆಂದರೆ ಅಲ್ಲಿಯ ತನಕ ಪಂಚಾಂಗದ ಮೀನ ರಾಶಿಯೊಂದೇ ನಮಗೆ ಗೊತ್ತು.) ಬಿ.ಪಿ. ಇದೆಯೆಂದು ಇವರ ಸಾರಿಗೆ ನಾನು ಉಪ್ಪನ್ನು ಪ್ರಸಾದದಂತೆ ಹಾಕುತ್ತೇನೆ. ಮನೆಯಲ್ಲಿ ಹೊಟ್ಟೆತುಂಬ ಉಪ್ಪುಂಡು ಸುಖವಾಗಿದ್ದವು ಆ ಎರಡು ಮೀನು ಮಾತ್ರ.

ನನ್ನ ತಕರಾರು ಮೀನಿನದಲ್ಲ, ಜಾಗದ್ದು. ಪಡಸಾಲೆಯ ಕಿಟಕಿಯ ಬುಡದಲ್ಲಿ ನನ್ನ ಸಿಂಹಾಸನವಿತ್ತು (ಹಳೆಯ ಕಬ್ಬಿಣದ ಮಂಚ). ಮಧ್ಯಾಹ್ನ ನಾನೂ ಪಕ್ಕದ ಮನೆಯ ಗುಲಾಬಬಿಯೂ ಅಲ್ಲಿ ಕೂತು ಎಲೆ-ಅಡಿಕೆ ಹಾಕುತ್ತಿದ್ದೆವು. ಓಣಿಯ ಮಾತೆಲ್ಲ ಆ ಕಿಟಕಿಯಿಂದಲೇ ಒಳಗೆ ಬರುತ್ತಿತ್ತು. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಕಿವಿಯೇ ಪೇಪರು. ಈಗ ಕಿಟಕಿಯ ಬುಡಕ್ಕೆ ಸಮುದ್ರ ಬಂತು, ಮಂಚ ಹಿತ್ತಲಿಗೆ ಹೋಯಿತು. ಹಿತ್ತಲಲ್ಲಿ ಏನು ಸುದ್ದಿ ಸಿಗುತ್ತದೆ? ಕಾಗೆಯದು.

"ಆ ರಾಕ್ಷಸ ಹೋಗೂದಿಲ್ಲರಿ. ಪೆಟಗಿನ ತಗದ ಬಿಡ್ರಿ," ಎಂದೆ.

"ಹೋಗತೈತಿ. ನಾ ಕಳಸ್ತೇನಿ. ನೀ ಮೊದಲ ಎಲಿ-ಅಡಿಕಿ ಬಿಡು. ಕನ್ನಡ್ಯಾಗ ಹಲ್ಲ ನೋಡಿಕೋ, ಇಟ್ಟಂಗಿ ಭಟ್ಟಿ ಆಗ್ಯಾವ."

"ನನ್ನ ಹಲ್ಲ ನನ್ನ ಬಾಯಾಗರ ಅದಾವ. ನಿಮ್ಮವು ಮಲಗೂ ಮುಂದ ಬಟ್ಟಲಕ್ಕ ಹೋಗ್ತಾವ."

ಸೊಸೆ ಶ್ರೀದೇವಿ ಅಡುಗೆಮನೆಯಲ್ಲೇ ಕಿಸಕ್ಕನೆ ನಕ್ಕಳು. ಇವರ ಮುಖಕ್ಕೆ ಬ್ಯಾಡಗಿ ಬಣ್ಣ ಬಂತು.

"ಹಂಗಾರ ಪಂಥಾ! ದೀಪಾವಳಿ ಪಾಡ್ಯಾದೊಳಗ ಕಲ್ಲ ಸ್ವಚ್ಛ ಆಗಲಿಲ್ಲಂದ್ರ ಪೆಟಗಿ ಹೋತು, ನಿನ್ನ ಮಂಚ ಬಂತು. ಸ್ವಚ್ಛ ಆತೋ, ನಿನ್ನ ಎಲಿ-ಅಡಿಕಿ ಬಂದ್!"

"ಆಗಲಿ. ಶ್ರೀದೇವಿ ಸಾಕ್ಷಿ."

"ನನ್ನನ್ಯಾಕ ನಡುವ ಎಳೀತೀರಿ ಅತ್ತಿ," ಎನ್ನುತ್ತಲೇ ಅವಳು ಕೈ ಒರೆಸಿಕೊಂಡು ಸಾಕ್ಷಿಯಾಗಲು ಬಂದಳು.

ನಾನು ಸುಮ್ಮನೆ ಕೂತಿದ್ದರೂ ಗೆಲ್ಲುತ್ತಿದ್ದೆ. ಆದರೆ ಇವರು ಹುಬ್ಬಳ್ಳಿಯಿಂದ ಒಂದು ಸೀಗಡಿ ತರಿಸಿದರು. ಉದ್ದುದ್ದ ಮೀಸೆಯ, ಕೆಂಪು ಗೆರೆಯ ಪೈಲ್ವಾನ. ರಾಕ್ಷಸನನ್ನು ತಿನ್ನುವುದೇ ಅದರ ಕಸುಬಂತೆ. ಪಂಥ ಕೈತಪ್ಪುವ ಲಕ್ಷಣ ಕಂಡಿತು. ಆಗ ನೆನಪಾಯಿತು: 'ಹಿಚುಕಿದರೆ ಹೊಸದು ಹುಟ್ಟುತ್ತದೆ.' ಸೀಗಡಿ ಒಂದು ತಿಂದರೆ ನಾನು ಹತ್ತು ಹುಟ್ಟಿಸುತ್ತೇನೆ! ಕೇಳಿಸಿಕೊಂಡ ಮಾತು ಎಂದೂ ದಂಡವಾಗುವುದಿಲ್ಲ.

ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ನೀರು ತಿರುಗಿಸುವ ಮೋಟರೂ ನಿಲ್ಲುತ್ತಿತ್ತು, ಫ್ಯಾನೂ ನಿಲ್ಲುತ್ತಿತ್ತು. ಇವರ ಗೊರಕೆಯೊಂದು ಮಾತ್ರ ಸ್ವಂತ ಶಕ್ತಿಯಿಂದ ನಡೆಯುತ್ತಿತ್ತು. ನಾನು ಎಲೆಗೆ ಸುಣ್ಣ ಸವರಿ, ಮಡಿಚಿ ದವಡೆಗಿಟ್ಟುಕೊಂಡು, ಬಳೆ ಮೇಲೇರಿಸಿ, ಮೆಲ್ಲಗೆ ಪೆಟ್ಟಿಗೆಯೊಳಗೆ ಕೈ ಬಿಟ್ಟು ಒಂದು ಜುಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಚುಕುತ್ತಿದ್ದೆ. ಜಿಪುಣನ ಮುಷ್ಟಿಯಂತೆ ಅದು ಮುದುಡಿಕೊಳ್ಳುತ್ತಿತ್ತು. ಒಂದು ಎಲೆಗೆ ಒಂದೇ ಜುಟ್ಟು. ಅವಸರ ಮಾಡಿದರೆ ಪಾಪದ ಕೆಲಸವೂ ಕೆಡುತ್ತದೆ.

"ಗದಿಗೆವ್ವಕ್ಕ, ಬೆಳಿ ಹೆಂಗೈತಿ?" ಎಂದು ಗುಲಾಬಬಿ ಹಿತ್ತಲಲ್ಲಿ ಪಿಸುಗುಟ್ಟುತ್ತಿದ್ದಳು.

"ಬಿತ್ತಾಕತ್ತೇನಿ ಗುಲಾಬಬಿ. ನಾಟಿಗೇ ಬರವಲ್ದು."

"ಬೀಜ ಸುಳ್ಳ ಇರಬೇಕ ಬಿಡ."

ಖರೆಯೇ. ಹಿಚುಕಿದ ಕಡೆಯೆಲ್ಲ ಕಲ್ಲು ಬೋಳಾಗುತ್ತಿತ್ತು. ಇದು ಆ ಮೀಸೆಯವನ ಕೈವಾಡವೇ ಎಂದು ನಾನು ಹಲ್ಲು ಕಡಿದು ಇನ್ನಷ್ಟು ಎಲೆ ಹಾಕಿದೆ, ಇನ್ನಷ್ಟು ಹಿಚುಕಿದೆ. ಸೀಗಡಿಯೋ ಕಲ್ಲಿನ ಸಂದಿಯಿಂದ ಮೀಸೆ ಮಾತ್ರ ಹೊರಗೆ ಚಾಚಿಕೊಂಡು ಹೊಸ ಅಳಿಯನಂತೆ ಕೂತಿತ್ತು. ಇತ್ತ ಇವರು ತಮ್ಮ ಮೀಸೆ ತಿರುವಿ, "ನೋಡಿದ್ಯಾ ನಮ್ಮ ಪೈಲ್ವಾನನ್ನ!" ಎನ್ನುತ್ತಿದ್ದರು.

ದೀಪಾವಳಿ ಶುರುವಾಗುವ ನೀರು ತುಂಬುವ ಹಬ್ಬದ ದಿನ ಸಾಕ್ಷಿ ಮಹಾಶಯೆ ಮೊಬೈಲಿನ ಬ್ಯಾಟರಿ ಹಚ್ಚಿ ಕಲ್ಲು ಪರೀಕ್ಷಿಸಿದಳು. ಒಂದು ಜುಟ್ಟೂ ಇಲ್ಲ. ಚುಚ್ಚಿಸಿಕೊಳ್ಳುವ ಹೆದರಿಕೆಗೆ ಅಷ್ಟು ದಿನ ಮೂಲೆ ಹಿಡಿದಿದ್ದ, ಎರಡರಲ್ಲಿ ಸಣ್ಣ ಮೀನು ಕಲ್ಲಿನ ಮೇಲೆಯೇ ಬಾಲ ಬೀಸಿ ಮೆರವಣಿಗೆ ಹೊರಟಿತ್ತು.

"ಮಾವಾರ, ಸ್ವಚ್ಛ ಆಗೇತಿ. ಆದ್ರ ಅಲ್ಲಲ್ಲಿ ಬೆಳ್ಳಗೇನೋ ಮೆತ್ತೇತ್ರಿ. ಬೆರಳಿನ ಗುರುತಿದ್ದಂಗ."

ಇವರು ಗಾಬರಿಯಾಗಿ ಹುಬ್ಬಳ್ಳಿಗೆ ಫೋನು ಹಚ್ಚಿ ಬಿಳಿ ಗುರುತಿನ ವರ್ಣನೆ ಕೊಟ್ಟರು. ಅಂಗಡಿಯವನ ದನಿ ಪಡಸಾಲೆ ತುಂಬ ಮೊಳಗಿತು: "ಅದು ಸುಣ್ಣರಿ ಯಜಮಾನರ! ಆ ಜುಟ್ಟಿನ ಪ್ರಾಣಿ ಬಾಯಿಗೆ ಸುಣ್ಣ ಹಚ್ಚಿದರ ಅಲ್ಲೇ ಸುಟ್ಟು ಸಾಯತೈತಿ. ಮಂದಿಗೆ ಹೇಳಾಕ ಹೆದರತೇನ್ರಿ, ಅವಸರಕ್ಕ ಮುಷ್ಟಿಗಟ್ಟಲೆ ಸುರುವಿ ಮೀನಾನೂ ಕೊಲ್ತಾರ. ಇಷ್ಟ ಸಮಾಧಾನದಿಂದ ಒಂದೊಂದಕ್ಕ ಹಚ್ಚಿದ ಕೈ ಯಾರದ್ರಿ?"

ಎಲ್ಲರ ಕಣ್ಣೂ ನನ್ನ ಹೆಬ್ಬೆರಳಿನ ಮೇಲೆ ಬಿದ್ದವು. ಅದು ಬೆಳ್ಳಗೆ ಹೊಳೆಯುತ್ತಿತ್ತು.

ಇವರ ಕಣ್ಣಲ್ಲಿ ನೀರು! "ಶ್ರೀದೇವಿ, ನೋಡವಾ ನಿಮ್ಮತ್ತೀನ. ಪಂಥಾ ಸೋಲತೇನಿ ಅಂತ ಗೊತ್ತಿದ್ದೂ, ತನ್ನ ಎಲಿ-ಅಡಿಕಿ ಹೋದರೂ ಹೋಗಲಿ ಅಂತ, ಕದ್ದು ಕದ್ದು ನನ್ನ ಮೀನ ಉಳಿಸ್ಯಾಳ!"

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗುಲಾಬಬಿಗೆ ಬಾಯಲ್ಲಿದ್ದ ಎಲೆ ಗಂಟಲಿಗೆ ಸಿಕ್ಕಿ ಕೆಮ್ಮು ಹತ್ತಿತು. ರಕ್ತಬೀಜನ ಸಂತಾನ ಹೆಚ್ಚಿಸಲು ಹೋಗಿದ್ದೆ ಎನ್ನಲೇ? ತಲೆ ತಗ್ಗಿಸಿ ನಿಂತೆ. ಅದನ್ನೂ ಅವರು ವಿನಯವೆಂದೇ ಎಣಿಸಿದರು.

ಪಾಡ್ಯದ ದಿನ ನನಗೆ ಹೊಸ ಇಳಕಲ್ ಸೀರೆ ಉಡಿಸಿ, ಓಣಿಯ ಹೆಣ್ಣುಮಕ್ಕಳನ್ನು ಕರೆಸಿ ಆರತಿ ಮಾಡಿಸಿದರು. ಮಂಚ ಹಿತ್ತಲಿನಿಂದ ಮೆರೆಯುತ್ತ ಬಂದು ಪೆಟ್ಟಿಗೆಯ ಪಕ್ಕದಲ್ಲೇ ಕೂತಿತು: ಡಾಕ್ಟರು ರೋಗಿಯ ಹತ್ತಿರವೇ ಇರಬೇಕಂತೆ! ಎಲೆ-ಅಡಿಕೆಯ ಚಂಚಿಯನ್ನು ಮಾತ್ರ ಪಂಥದ ಪ್ರಕಾರ ಗುಲಾಬಬಿಗೆ ದಾನ ಮಾಡಿದರು; ಸುಣ್ಣದ ಡಬ್ಬಿಯನ್ನು ಔಷಧವೆಂದು ಉಳಿಸಿಕೊಂಡರು. ಹೆಣ್ಣುಮಕ್ಕಳು "ಒಡಪು, ಒಡಪು" ಎಂದು ಗಂಟುಬಿದ್ದರು. ಎದ್ದು ನಿಂತು, ಸೆರಗು ಸರಿಮಾಡಿಕೊಂಡು ಹೇಳಿದೆ:

"ಎಲಿ ಹೋತು, ಅಡಿಕಿ ಹೋತು, ಡಬ್ಬ್ಯಾಗ ಉಳದೈತಿ ಸುಣ್ಣ,
ಸೋತಾಕಿಗೆ ಆರತಿ ಎತ್ತಿಸ್ಯಾರ ನಮ್ಮ ಸೋಮಣ್ಣ!"

ಈಗ ಮಧ್ಯಾಹ್ನ ಗುಲಾಬಬಿ ನನ್ನ ಮಂಚದ ಮೇಲೆ ಕೂತು, ನನ್ನದೇ ಚಂಚಿ ಬಿಚ್ಚಿ, "ನಿನ್ನ ಪಾಲಿಂದೂ ನಾನ ತಿಂತೇನಿ, ತಗೋ ಅಕ್ಕ," ಎಂದು ಎರಡೂ ದವಡೆ ತುಂಬಿಕೊಳ್ಳುತ್ತಾಳೆ. ಕಿಟಕಿಯಿಂದ ಓಣಿಯ ಮಾತು ಬರುತ್ತದೆ. ಕೇಳಿಸಿಕೊಳ್ಳುತ್ತ, ಒಂದು ಸೋಂಪಿನ ಕಾಳು ಕಡಿಯುತ್ತ, ನಾನು ಬತ್ತಿದಷ್ಟು ನೀರನ್ನು ಚೊಂಬಿನಿಂದ ಪೆಟ್ಟಿಗೆಗೆ ಹೊಯ್ದು, ಹಳೆಯ ಧೋತರದ ತುಂಡಿನಿಂದ ಗಾಜು ಒರೆಸುತ್ತೇನೆ.