ಗೋಡೆ ತಳ್ಳಿದ ಮೀಟರ್ ಮಾಮ

ಬೆಳಿಗ್ಗೆ ಮಂಚದಿಂದಿಳಿದು ನೆಲಕ್ಕೆ ಕಾಲಿಟ್ಟ ಕೂಡಲೇ ಮೀಟರ್ ಮಾಮನ ಬಲಗಾಲಿನ ಹಿಮ್ಮಡಿ ಮೊಳೆ ತುಳಿದಂತೆ ಚುಚ್ಚಿತು. ಜವಳಿ ಅಂಗಡಿಯಲ್ಲಿ ಇಡೀ ದಿನ ನಿಂತು ಬಟ್ಟೆ ಅಳೆಯುವುದು ಅವನ ಕೆಲಸ. ಮಾತನ್ನೂ ಅಳೆದೇ ಕೊಡುತ್ತಿದ್ದುದರಿಂದ ಜೊತೆಯವರು ಆ ಹೆಸರಿಟ್ಟಿದ್ದರು.

ಹಿಮ್ಮಡಿಗೆ ಮದ್ದು ಅವನಿಗೆ ಗೊತ್ತಿತ್ತು. ಗೋಡೆಗೆ ಎರಡೂ ಕೈ ಊರಿ, ಒಂದು ಕಾಲನ್ನು ಹಿಂದಕ್ಕೆ ಚಾಚಿ, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಬೇಕು. ಆಮೇಲೆ ಪಾದವನ್ನು ಗಾಳಿಯಲ್ಲಿ ನಿಧಾನವಾಗಿ ಸುತ್ತಿಸಬೇಕು. ದಿನಾ ಮಾಡಿದರೆ ಕಾಲು ಹೇಳಿದ ಮಾತು ಕೇಳುತ್ತದೆ. ಹೆಂಡತಿ ಪಕ್ಕದಲ್ಲೇ ಕಾವಲು ನಿಂತು ಮಾಡಿಸುತ್ತಿದ್ದಳು. ಕೆಲಕಾಲದಿಂದ ಅದು ತಪ್ಪಿಹೋಗಿತ್ತು.

ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಅವನು ಅಂಗಡಿಯ ಹಿಂದಿನ ಗೋದಾಮಿಗೆ ಹೋಗಿ ಗೋಡೆಗೆ ಕೈ ಊರಿದ. ಹಣೆಯೂ ಗೋಡೆಗೆ ತಾಗಿತು. ಮೀನಖಂಡ ಬಿಗಿದಾಗ "ಅಯ್ಯಮ್ಮಾ" ಎಂದು ನರಳಿದ. ಬಿಲ್ಲಿನ ಕಾಗದ ತರಲು ಬಂದ ಕ್ಯಾಷಿಯರ್ ಹುಡುಗಿ ಬಾಗಿಲಲ್ಲೇ ನಿಂತಳು.

"ಮಾಮ, ಯಾರು ಹೋದ್ರು?"

"ಯಾರೂ ಇಲ್ಲಮ್ಮ. ಹಿಮ್ಮಡಿ ಎಳೀತಿದೀನಿ."

ದುಃಖದಲ್ಲಿ ಏನೇನೋ ಹೇಳುತ್ತಿದ್ದಾನೆ ಎಂದುಕೊಂಡು ಅವಳು ಹೊರಗೆ ಓಡಿದಳು. ಅಂಗಡಿಯ ದರ್ಜಿ ಬಂದವನೇ ಅವನನ್ನು ಬಟ್ಟೆಯ ಗಂಟಿನ ಮೇಲೆ ಕೂರಿಸಿ, ಬಾಯಿಗೆ ಅರ್ಧ, ಅಂಗಿಗೆ ಅರ್ಧ ನೀರು ಕುಡಿಸಿದ.

"ಅತ್ತುಬಿಡಪ್ಪಾ, ಒಳಗೆ ಇಟ್ಕೋಬೇಡ."

"ಅಳು ಬರ್ತಿಲ್ಲ. ಕಾಲು ನೋವು."

"ಹಾಗೇ ಆಗೋದು. ನಮ್ಮಪ್ಪ ಹೋದಾಗ ನನಗೆ ಹಲ್ಲು ನೋವು ಬಂದಿತ್ತು."

ಯಜಮಾನರು ನೆನೆದ ಬಟ್ಟೆಯಂತೆ ಮುಖ ಇಳಿಬಿಟ್ಟುಕೊಂಡು ಬಂದರು. ಮೆಲ್ಲಗೆ ಕೇಳಿದರು: "ನಿಮ್ಮ ಮನೆಯವರೇನ್ರೀ?"

ಮೀಟರ್ ಮಾಮ ಬಾಯಿ ತೆರೆದ. ಆ ಒಂದು ಪ್ರಶ್ನೆಗೆ ಮಾತ್ರ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಅಷ್ಟೇ ಸಾಕಾಯಿತು. ಶಟರ್ ಅರ್ಧ ಇಳಿಯಿತು. ಗಿರಾಕಿಗಳನ್ನು ಕೈಮುಗಿದು ಕಳಿಸಿದರು. ಒಬ್ಬೊಬ್ಬರಾಗಿ ಬಂದು ಹೆಗಲ ಮೇಲೆ ಕೈ ಇಟ್ಟರು. ಹಾಗೆ ಯಾರಾದರೂ ಅವನನ್ನು ಮುಟ್ಟಿ ಎಷ್ಟೋ ಕಾಲವಾಗಿತ್ತು. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದುಬಿಡೋಣ ಎನಿಸಿತು ಅವನಿಗೆ.

"ಒಳ್ಳೆ ಬಿಳಿ ಬಟ್ಟೆ ಕೊಡಿ, ಅಂಗಡಿ ಕಡೆಯಿಂದ" ಎಂದರು ಯಜಮಾನರು.

ದರ್ಜಿ ಬಿಳಿ ಬಟ್ಟೆಯ ಥಾನು ಬಿಚ್ಚಿ ಅಂದಾಜಿನಲ್ಲಿ ಕತ್ತರಿ ಇಟ್ಟ. ಕತ್ತರಿ ಏಡಿಯಂತೆ ಅಡ್ಡಡ್ಡ ನಡೆಯಿತು. ನೋಡಲಾರದೆ ಮೀಟರ್ ಮಾಮ ಎದ್ದು ಕತ್ತರಿ ಕಿತ್ತುಕೊಂಡ.

"ಇಷ್ಟು ಸಾಲಲ್ಲ. ಅವಳು ಎತ್ತರ" ಎನ್ನುತ್ತ, ಅಳತೆಕೋಲು ಮುಟ್ಟದೆಯೇ ಬಟ್ಟೆ ಎಳೆದು ನೇರವಾಗಿ ಕತ್ತರಿಸಿದ.

"ಇಷ್ಟೇ ಬೇಕು ಅಂತ ಹೇಗೆ ಹೇಳ್ತೀಯಪ್ಪಾ?" ದರ್ಜಿ ಬೆರಗಾದ.

"ಹೋದ ವರ್ಷ ಇಲ್ಲಿಂದಲೇ ತಗೊಂಡು ಹೋಗಿದ್ದೆನಲ್ಲ."

ಕ್ಯಾಷಿಯರ್ ಹುಡುಗಿ ತಗ್ಗಿದ ದನಿಯಲ್ಲಿ ಹೇಳಿದಳು: "ನಾನೇ ಬಿಲ್ ಹಾಕಿದ್ದು. ಕಿಟಕಿ ಪರದೆಗೆ ಅಂದ್ಕೊಂಡಿದ್ದೆ. ಯಾಕೆ ಹೇಳಲಿಲ್ಲ ಮಾಮ?"

"ಬಿಲ್ಲಿಗೆ ನನ್ನ ಹಿಂದೆ ಜನ ನಿಂತಿದ್ರಮ್ಮ."

"ಹಾಗಾದ್ರೆ ಇವತ್ತು ಹೋಗಿದ್ದು ಯಾರು?" ಎಂದರು ಯಜಮಾನರು.

"ಯಾರೂ ಇಲ್ಲ ಸರ್. ಇವತ್ತು ಹಿಮ್ಮಡಿ ಮಾತ್ರ."

ಯಜಮಾನರು ಕತ್ತರಿಸಿದ ಬಟ್ಟೆಯನ್ನೂ ಅರ್ಧ ಇಳಿದ ಶಟರನ್ನೂ ನೋಡಿದರು. "ಪಾಪ. ಆದ್ರೂ ವರ್ಷ ಆಯ್ತಲ್ಲ. ಶಟರ್ ಎತ್ರೋ. ನೀವು ಇನ್ಮೇಲೆ ಆ ಗೋಡೆ ಹತ್ರ ಹೋಗಬೇಡಿ ಕಣ್ರೀ, ಎಲ್ಲರೂ ಹೆದರ್ಕೋತಾರೆ."

ಹೆಗಲ ಮೇಲಿದ್ದ ಕೈಗಳೆಲ್ಲ ತಮ್ಮ ತಮ್ಮ ಕೆಲಸಕ್ಕೆ ಮರಳಿದವು. ಕ್ಯಾಷಿಯರ್ ಹುಡುಗಿ ಮಾತ್ರ ಹಿಂದೆ ಉಳಿದಳು.

"ಹೇಗಿದ್ರು ಮಾಮ, ಅವರು?"

ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಎಲ್ಲಿಂದ ಶುರು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ. "ಬಹಳ ಮಾತಾಡ್ತಿದ್ಲಮ್ಮ..." ಎಂದ.

"ರೀ, ಗಿರಾಕಿ ಬಂದಿದ್ದಾರೆ" ಎಂದು ಯಜಮಾನರ ಕೂಗು ಕೇಳಿಸಿತು.

"ಬಂದೆ, ಆಮೇಲೆ ಹೇಳ್ತೀನಿ" ಎಂದು ಅವನು ಕುಂಟುತ್ತ ಹೋದ. ಆ ದಿನ ಜನ ಬಿಡುವೇ ಕೊಡಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಅವನು ಮಾತು ಜೋಡಿಸಿಕೊಂಡು ಕ್ಯಾಷಿಯರ್ ಮೇಜಿನ ಹತ್ತಿರ ಬಂದಾಗ, ಅವಳು ಬಸ್ಸು ಹಿಡಿಯಲು ಓಡಿಯಾಗಿತ್ತು.